ತುಂಗಭದ್ರೆಯ ದಂಡೆಯಿಂದ ನೈಜೀರಿಯಾವನ್ನು ಓದುವ ಕ್ರಮ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಕಾಲೇಜುಗಳಲ್ಲಿ ಪಶ್ಚಿಮ ಆಫ್ರಿಕಾದ ನೈಜೀರಿಯಾ ದೇಶದ ಲೇಖಕರಾದ ಚಿನುವಾ ಅಚೆಬೆಯವರ ಕಾದಂಬರಿಯನ್ನೋ ವೊಲೆ ಸೊಯಿಂಕಾ ಅವರ ನಾಟಕವನ್ನೋ ಓದಬೇಕಾಗಿ ಬಂದವರು ಸಾಮಾನ್ಯವಾಗಿ ಕಥಾಸಾರವನ್ನು ಬರೆದುಕೊಂಡು, ಅದರ ಕೊನೆಗೆ ‘ಎರಡು ಸಂಸ್ಕೃತಿಗಳ ಸಂಘರ್ಷ’ ಎಂಬ ಸಾಲನ್ನು ಸೇರಿಸಿ ಮುಗಿಸುತ್ತಾರೆ. ಆ ಸಾಲು ಪರೀಕ್ಷೆಗೆ ಸಾಕಾಗಬಹುದು, ಆದರೆ ನೈಜೀರಿಯಾದಲ್ಲಿ ನಡೆದದ್ದೇನು ಎಂಬುದು ಅದರಿಂದ ತಿಳಿಯುವುದಿಲ್ಲ. ಬ್ರಿಟಿಷರು ಯಾರ ಮೂಲಕ ಆಳಿದರು, ತೆರಿಗೆಯನ್ನು ಯಾರ ಕೈಯಿಂದ ವಸೂಲು ಮಾಡಿಸಿದರು, ಪಂಚಾಯಿತಿ ಹೇಳುವ ಅಧಿಕಾರವನ್ನು ಯಾರಿಂದ ಕಿತ್ತು ಯಾರಿಗೆ ಕೊಟ್ಟರು ಎಂಬುದನ್ನು ಮೊದಲು ತಿಳಿದುಕೊಂಡು ಆಮೇಲೆ ಕಾದಂಬರಿಯನ್ನು ತೆರೆದರೆ ಓದು ಬೇರೆಯೇ ಆಗುತ್ತದೆ. ಈ ಕೆಲಸಕ್ಕೆ ನಮ್ಮ ಭಾಗದ ಓದುಗರಿಗೆ ಒಂದು ವಿಶೇಷ ಅನುಕೂಲವಿದೆ, ಅದನ್ನು ಬಳಸಿಕೊಳ್ಳುವ ರೀತಿಯನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ನಿಮ್ಮ ಸ್ವಂತ ಜಿಲ್ಲೆಯ ಚರಿತ್ರೆಯನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿರಿ. 1800ರಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಅಲ್ಲಿಗೆ ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಪಾಳೆಯಗಾರರ ಬಲವನ್ನು ಮುರಿದು, ಹೊಲಗಳನ್ನು ಅಳೆಸಿ, ಸರ್ಕಾರವೇ ರೈತನೊಡನೆ ನೇರವಾಗಿ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿಗೆ ದಾರಿ ಮಾಡಿದನು. ಹೊಳೆಯ ಆಚೆ ದಂಡೆಯ ರಾಯಚೂರು, ಕೊಪ್ಪಳಗಳಲ್ಲಿ ನಿಜಾಮರ ಆಡಳಿತವೇ ಉಳಿಯಿತು. ರಾಯಚೂರು ಸೀಮೆ 1853ರಲ್ಲಿ ಕಂಪನಿಯ ಕೈಸೇರಿ 1860ರಲ್ಲಿ ಮರಳಿ ಬಂದದ್ದನ್ನು ಬಿಟ್ಟರೆ, 1948ರ ಸೆಪ್ಟೆಂಬರ್‌ವರೆಗೂ ಜನ ಕಂಡದ್ದು ನಿಜಾಮರ ತಹಶೀಲ್ದಾರರನ್ನು, ಜಾಗೀರದಾರರನ್ನು ಮತ್ತು ಉರ್ದುವಿನ ಕಚೇರಿಯನ್ನು. ಹೈದರಾಬಾದಿನಲ್ಲಿ ಕುಳಿತಿದ್ದ ಬ್ರಿಟಿಷ್ ರೆಸಿಡೆಂಟ್, ಎಂದರೆ ನಿಜಾಮರ ಬಳಿ ಇದ್ದ ಬ್ರಿಟಿಷರ ಪ್ರತಿನಿಧಿ, ಹಳ್ಳಿಯವರ ಕಣ್ಣಿಗೆ ಬೀಳಲೇ ಇಲ್ಲ. ಒಂದೇ ಹೊಳೆಯ ನೀರು ಕುಡಿದು ಒಂದೇ ಮಾತನಾಡುವ ಜನರ ನಡುವೆ ಹೀಗೆ ಬ್ರಿಟಿಷರ ನೇರ ಆಳ್ವಿಕೆ ಮತ್ತು ಸ್ಥಳೀಯ ಅರಸರ ಮೂಲಕ ನಡೆಸುವ ಪರೋಕ್ಷ ಆಳ್ವಿಕೆ ಎದುರುಬದುರಾಗಿ ನಿಂತಿದ್ದವು.

ಈಗ ಅದೇ ಹಾಳೆಯ ಇನ್ನೊಂದು ಬದಿಯಲ್ಲಿ ನೈಜೀರಿಯಾದ ನಕ್ಷೆಯನ್ನು ಬರೆಯಿರಿ. ವಾಯವ್ಯದಿಂದ ನೈಜರ್ ನದಿ, ಪೂರ್ವದಿಂದ ಬೆನ್ಯೂ ನದಿ ಹರಿದುಬಂದು ಲೊಕೊಜಾದ ಬಳಿ ಕೂಡಿ ದಕ್ಷಿಣದ ಕಡಲಿಗೆ ಇಳಿಯುತ್ತವೆ. ಉತ್ತರದಲ್ಲಿ ಹೌಸಾ ಮತ್ತು ಫುಲಾನಿ ಜನರ ಸೀಮೆ, ನೈಋತ್ಯದಲ್ಲಿ ಯೊರುಬಾ ಸೀಮೆ, ಆಗ್ನೇಯದಲ್ಲಿ ಇಗ್ಬೊ ಸೀಮೆ ಎಂದು ಗುರುತು ಮಾಡಿಕೊಳ್ಳಿರಿ. ಈ ಮೂವರಲ್ಲದೆ ನೂರಾರು ಭಾಷೆಗಳ ಜನರು ಅಲ್ಲಿದ್ದಾರೆಂಬುದನ್ನು ಮರೆಯಬಾರದು, ಆದರೂ ಮೊದಲ ಓದಿಗೆ ಇಷ್ಟು ಸಾಕು. ಇಸವಿಗಳ ಪೈಕಿ ಕೆಲವನ್ನು ನೆನಪಿನಲ್ಲಿಡಿ: 1861ರಲ್ಲಿ ಲಾಗೋಸ್ ಬ್ರಿಟಿಷರ ವಶವಾಯಿತು, 1886ರಲ್ಲಿ ಒಂದು ವ್ಯಾಪಾರಿ ಕಂಪನಿಗೆ ನೈಜರ್ ಸೀಮೆಯನ್ನು ಆಳುವ ಸನ್ನದು ಸಿಕ್ಕಿತು, 1897ರಲ್ಲಿ ಬ್ರಿಟಿಷ್ ಸೈನ್ಯ ಬೆನಿನ್ ನಗರವನ್ನು ಸುಟ್ಟು, ಅರಮನೆಯ ಹಿತ್ತಾಳೆ ಮತ್ತು ದಂತದ ಕಲಾಕೃತಿಗಳನ್ನು ದೋಚಿ, ಅಲ್ಲಿನ ಅರಸ ಒವೊನ್‌ರಾಮ್ವೆನ್‌ನನ್ನು ಕಲಬಾರ್‌ಗೆ ಗಡೀಪಾರು ಮಾಡಿತು, 1900ರಲ್ಲಿ ಕಂಪನಿಯಿಂದ ಅಧಿಕಾರ ಬ್ರಿಟಿಷ್ ಸರ್ಕಾರಕ್ಕೆ ಹೋಯಿತು, 1903ರಲ್ಲಿ ಉತ್ತರದ ಮುಸ್ಲಿಂ ಸಾಮ್ರಾಜ್ಯ ಸೊಕೊಟೊ ಸೋತಿತು, 1914ರ ಜನವರಿ 1ರಂದು ಉತ್ತರ, ದಕ್ಷಿಣಗಳೆರಡನ್ನೂ ಸೇರಿಸಿ ಒಂದೇ ನೈಜೀರಿಯಾ ಎಂದು ಘೋಷಿಸಲಾಯಿತು. ಕಂಪನಿ ಮೊದಲು, ಸರ್ಕಾರ ಆಮೇಲೆ ಎಂಬ ಈ ಕ್ರಮ ನಮ್ಮವರಿಗೆ ಬಿಡಿಸಿ ಹೇಳಬೇಕಾದದ್ದೇನಲ್ಲ.

ಹೀಗೆ ಒಂದುಗೂಡಿಸಿದವನು ಬ್ರಿಟಿಷ್ ಅಧಿಕಾರಿ ಫ್ರೆಡರಿಕ್ ಲುಗಾರ್ಡ್. ಈತ 1858ರಲ್ಲಿ ಹುಟ್ಟಿದ್ದು ಮದರಾಸಿನಲ್ಲಿ, ಎಂದರೆ ಬಳ್ಳಾರಿ ಯಾವ ಪ್ರಾಂತ್ಯಕ್ಕೆ ಸೇರಿತ್ತೋ ಅದೇ ಪ್ರಾಂತ್ಯದ ರಾಜಧಾನಿಯಲ್ಲಿ. ಸೈನಿಕನಾಗಿ ದುಡಿದದ್ದೂ ಮೊದಲು ಭಾರತದಲ್ಲಿ. ಉತ್ತರ ನೈಜೀರಿಯಾವನ್ನು ಗೆದ್ದಾಗ ಅವನ ಬಳಿ ಅಧಿಕಾರಿಗಳೂ ಕಡಿಮೆ, ಹಣವೂ ಕಡಿಮೆ. ಅಲ್ಲಿ ಆಗಲೇ 1804ರ ಉಸ್ಮಾನ್ ದಾನ್ ಫೋಡಿಯೊನ ಧರ್ಮಯುದ್ಧದಿಂದ ಹುಟ್ಟಿದ ಸೊಕೊಟೊ ಸಾಮ್ರಾಜ್ಯವಿತ್ತು, ಅದರಡಿಯಲ್ಲಿ ಎಮೀರರು ಎಂಬ ಸ್ಥಳೀಯ ಮುಸ್ಲಿಂ ಅರಸರು, ಖಾಜಿಗಳು, ತೆರಿಗೆಯ ಲೆಕ್ಕ ಎಲ್ಲವೂ ಇದ್ದವು. ಲುಗಾರ್ಡ್ ಎಮೀರರನ್ನು ಹಾಗೆಯೇ ಉಳಿಸಿ, ತಲೆಯ ಮೇಲೊಬ್ಬ ರೆಸಿಡೆಂಟನನ್ನು ಕೂರಿಸಿ, ಅವರ ಧರ್ಮದಲ್ಲಿ ಕೈಹಾಕುವುದಿಲ್ಲವೆಂದು ಮಾತು ಕೊಟ್ಟನು. ನಿಜಾಮರ ಆಡಳಿತವನ್ನು ತಿಳಿದವರು ಇದನ್ನು ಓದಿದ ಕೂಡಲೇ ಗುರುತು ಹಿಡಿಯುತ್ತಾರೆ. ಫಲಿತಾಂಶವನ್ನೂ ಹೋಲಿಸಿ ನೋಡಬಹುದು. ಮಿಷನರಿಗಳನ್ನು ಎಮೀರರ ಸೀಮೆಯಿಂದ ಬಹುಮಟ್ಟಿಗೆ ದೂರವಿಟ್ಟದ್ದರಿಂದ ಅಲ್ಲಿ ಹೊಸ ಶಾಲೆಗಳು ಬಹಳ ಕಡಿಮೆಯಾದವು, ದಕ್ಷಿಣದ ಯೊರುಬಾ ಮತ್ತು ಇಗ್ಬೊ ಮಕ್ಕಳು ಇಂಗ್ಲಿಷ್ ಕಲಿತು ಗುಮಾಸ್ತಿಕೆ, ಮೇಷ್ಟರಿಕೆ, ವಕೀಲಿಗಳಿಗೆ ಹೋದರು. 1960ರ ಅಕ್ಟೋಬರ್ 1ರಂದು ಸ್ವಾತಂತ್ರ್ಯ ಬಂದಾಗ ಉತ್ತರ ಮತ್ತು ದಕ್ಷಿಣಗಳ ನಡುವೆ ಇದ್ದ ಅಪನಂಬಿಕೆಯ ಒಂದು ದೊಡ್ಡ ಬೇರು ಇಲ್ಲಿದೆ. ಕಲ್ಯಾಣ ಕರ್ನಾಟಕದ ಶಿಕ್ಷಣ ಯಾಕೆ ಹಿಂದುಳಿಯಿತು, ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಯಾಕೆ ಕಟ್ಟಬೇಕಾಯಿತು ಎಂದು ಬಲ್ಲ ಓದುಗರಿಗೆ ಈ ಭಾಗ ಕಷ್ಟವಾಗಲಾರದು.

ಹೋಲಿಕೆ ಇಲ್ಲಿಯವರೆಗೆ ನಡೆಯುತ್ತದೆ. ಇಗ್ಬೊ ಸೀಮೆಗೆ ಬಂದಾಗ ಅದನ್ನು ಕೈಬಿಡಬೇಕು, ಏಕೆಂದರೆ ಅಲ್ಲಿನ ಬಹುಪಾಲು ಊರುಗಳಲ್ಲಿ ಅರಸನೇ ಇರಲಿಲ್ಲ. ಹಿರಿಯರ ಕೂಟ, ಬಿರುದು ಪಡೆದವರ ಕೂಟ, ಒಂದೇ ವಯಸ್ಸಿನವರ ಕೂಟ, ಹೆಂಗಸರ ಕೂಟ, ದೇವರ ಪೂಜಾರಿಗಳು ಇವರೆಲ್ಲರ ನಡುವೆ ಅಧಿಕಾರ ಹಂಚಿಹೋಗಿತ್ತು. ಆಳಿಸಲು ಒಬ್ಬ ಮುಖಂಡ ಬೇಕೇಬೇಕೆಂದ ಬ್ರಿಟಿಷರು ತಮಗೆ ತೋಚಿದ ಒಬ್ಬನನ್ನು ಹಿಡಿದು, ಕೈಗೊಂದು ನೇಮಕದ ಕಾಗದ ಕೊಟ್ಟು, ಇವನೇ ನಿಮ್ಮ ಒಡೆಯ ಎಂದರು. ಕಾಗದದ ಈ ಒಡೆಯರನ್ನು ‘ವಾರಂಟ್ ಚೀಫ್’ ಎಂದು ಕರೆಯುತ್ತಿದ್ದರು. ನಿಜಾಮರ ವಂಶಕ್ಕೆ ತನ್ನದೇ ಆದ ಚರಿತ್ರೆ ಇತ್ತು, ಸೊಕೊಟೊದ ಎಮೀರರಿಗೂ ಇತ್ತು. ವಾರಂಟ್ ಚೀಫ್‌ಗೆ ಆ ಕಾಗದದ ಹೊರತು ಬೇರೆ ಆಧಾರವಿರಲಿಲ್ಲ, ಆದ್ದರಿಂದ ಅವನು ಊರಿಗೆ ಹೆದರಬೇಕಾಗಿಯೂ ಇರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಅಚೆಬೆಯವರ ಕಾದಂಬರಿಗಳ ಒಳಗೆ ಹೋಗಲು ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ.

ಆದ್ದರಿಂದ ಕಾದಂಬರಿಗೆ ಮುಂಚೆ 1929ರ ಹೆಂಗಸರ ಯುದ್ಧವನ್ನು ಸಾವಕಾಶವಾಗಿ ಓದಿರಿ. ಅದಕ್ಕೆ ಹಿಂದಿನ ವರ್ಷವಷ್ಟೇ ಇಗ್ಬೊ ಸೀಮೆಯ ಗಂಡಸರ ಮೇಲೆ ನೇರ ತೆರಿಗೆ ಬಿದ್ದಿತ್ತು, ತಾಳೆ ಎಣ್ಣೆಯ ಬೆಲೆ ಇಳಿಯುತ್ತಿತ್ತು. 1929ರ ನವೆಂಬರಿನಲ್ಲಿ ಒಲೊಕೊ ಎಂಬ ಊರಿನಲ್ಲಿ ವಾರಂಟ್ ಚೀಫ್ ಒಕುಗೊ ಕಳಿಸಿದ ಆಳು ಮನೆಮನೆಯ ಲೆಕ್ಕ ಬರೆಯುತ್ತಾ ನ್ವಾನ್ಯೆರುವಾ ಎಂಬ ಹೆಣ್ಣುಮಗಳ ಅಂಗಳಕ್ಕೆ ಬಂದನು. ಆಕೆ ತಾಳೆಹಣ್ಣಿನಿಂದ ಎಣ್ಣೆ ತೆಗೆಯುವ ಕೆಲಸದಲ್ಲಿದ್ದಳು. ಅವನು ಆಕೆಯ ಆಡು, ಕುರಿ, ಜನ ಎಲ್ಲವನ್ನೂ ಎಣಿಸಿ ಹೇಳಬೇಕೆಂದಾಗ, ನಿನ್ನ ತಾಯಿಯನ್ನು ಯಾರಾದರೂ ಎಣಿಸಿದ್ದರೇ ಎಂದು ಆಕೆ ಕೇಳಿದಳೆಂದು ದಾಖಲಾಗಿದೆ. ಗಂಡಸರ ತಲೆ ಎಣಿಸಿದ ಮೇಲೆ ತೆರಿಗೆ ಬಂದದ್ದನ್ನು ಕಂಡಿದ್ದ ಹೆಂಗಸರಿಗೆ ಈ ಎಣಿಕೆಯ ಅರ್ಥವೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಾಳೆಗರಿಯನ್ನು ಕೈಯಿಂದ ಕೈಗೆ ಕಳಿಸಿ ಊರೂರಿನ ಹೆಂಗಸರಿಗೆ ಸುದ್ದಿ ಮುಟ್ಟಿಸಿದರು. ಸಾವಿರಾರು ಮಂದಿ ಬಂದು ಒಕುಗೊನ ಮನೆಯ ಮುಂದೆ ಹಗಲಿರುಳು ಹಾಡಿ ಕುಣಿದು ಅವನನ್ನು ಹಂಗಿಸಿದರು. ಊರಿಗೆ ಅನ್ಯಾಯ ಮಾಡಿದ ಗಂಡಸಿನ ಮೇಲೆ ಹೆಂಗಸರು ಹೀಗೆ ಮುಗಿಬೀಳುವುದು ಇಗ್ಬೊ ಸಮಾಜ ಒಪ್ಪಿಕೊಂಡಿದ್ದ ಶಿಕ್ಷೆಯೇ ಆಗಿತ್ತು. ಒಕುಗೊನ ಅಧಿಕಾರ ಹೋಯಿತು, ಅವನಿಗೆ ಜೈಲೂ ಆಯಿತು. ಆದರೆ ಚಳವಳಿ ಬೇರೆ ಊರುಗಳಿಗೆ ಹಬ್ಬಿ ಕೋರ್ಟುಗಳನ್ನು ಹೆಂಗಸರು ಕೆಡವತೊಡಗಿದಾಗ ಡಿಸೆಂಬರಿನಲ್ಲಿ ಸೈನಿಕರೂ ಪೊಲೀಸರೂ ಗುಂಡು ಹಾರಿಸಿ ಐವತ್ತಕ್ಕೂ ಹೆಚ್ಚು ಹೆಂಗಸರನ್ನು ಕೊಂದರು. ಆಮೇಲೆಯೇ ಸರ್ಕಾರ ವಾರಂಟ್ ಚೀಫ್ ಪದ್ಧತಿಯನ್ನು ಕೈಬಿಟ್ಟಿತು. ಅಚೆಬೆ ಒಗಿಡಿ ಎಂಬ ಊರಿನಲ್ಲಿ ಹುಟ್ಟಿದ್ದು ಮರುವರ್ಷ, 1930ರ ನವೆಂಬರಿನಲ್ಲಿ.

ವ್ಯಾಪಾರದ ಸಂಗತಿಯನ್ನು ಹೆಚ್ಚು ಬೆಳೆಸಬೇಕಿಲ್ಲ, ಆದರೆ ಬಿಡಲೂ ಬಾರದು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಸಿಗಲೆಂದು ಬ್ರಿಟಿಷರು ಕಾನೊ ನಗರದವರೆಗೆ ರೈಲು ಹಾಕಿಸಿದರು. ರೈಲು ಬಂದದ್ದೇ ತಡ, ಹೌಸಾ ರೈತರು ಹತ್ತಿಯನ್ನು ಬದಿಗಿಟ್ಟು ಶೇಂಗಾ ಬಿತ್ತಿದರು, ಏಕೆಂದರೆ ಶೇಂಗಾಕ್ಕೆ ಒಳ್ಳೆಯ ಧಾರಣೆ ಇತ್ತು ಮತ್ತು ಅದನ್ನು ತಿನ್ನಲೂಬಹುದಿತ್ತು. ರಾಯಚೂರಿನ ಗಂಜಿನಲ್ಲಿ ಹತ್ತಿಯ ಅಂಡಿಗೆಯನ್ನೂ ಶೇಂಗಾದ ರಾಶಿಯನ್ನೂ ನೋಡಿದವರು ಆ ರೈತರ ಲೆಕ್ಕಾಚಾರವನ್ನು ಮೆಚ್ಚದಿರಲಾರರು. ಆಳುವವರು ಬಯಸಿದ್ದೆಲ್ಲ ನಡೆಯಲಿಲ್ಲವೆಂಬುದಕ್ಕೆ ಇದು ಒಳ್ಳೆಯ ಸಾಕ್ಷಿ.

ಮಿಷನ್ನುಗಳ ವಿಷಯಕ್ಕೆ ಮತ್ತೆ ಬಳ್ಳಾರಿಯಿಂದಲೇ ಹೊರಡಬಹುದು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ತೊಡಗಿದನು. ಯೊರುಬಾ ಸೀಮೆಯಲ್ಲಿ ಇಂಥ ಕೆಲಸವನ್ನು ಮುನ್ನಡೆಸಿದವರು ಹೊರಗಿನವರಲ್ಲ. ಸ್ಯಾಮ್ಯುಯಲ್ ಅಜಾಯಿ ಕ್ರೌಥರ್ ಬಾಲಕನಾಗಿದ್ದಾಗ 1821ರಲ್ಲಿ ಗುಲಾಮರ ವ್ಯಾಪಾರಿಗಳ ಕೈಗೆ ಸಿಕ್ಕವರು. ಅವರಿದ್ದ ಹಡಗನ್ನು ಬ್ರಿಟಿಷ್ ನೌಕಾಪಡೆ ಹಿಡಿದು ಬಿಡಿಸಿ ಸಿಯೆರಾ ಲಿಯೋನಿಗೆ ಒಯ್ದಿತು. ಅಲ್ಲಿ ಓದಿ ಪಾದ್ರಿಯಾಗಿ, ತಮ್ಮ ತಾಯ್ನುಡಿಗೆ ನಿಘಂಟನ್ನೂ ಬೈಬಲ್ ಅನುವಾದವನ್ನೂ ಕೊಟ್ಟು, 1864ರಲ್ಲಿ ಬಿಷಪ್ ಆದರು. ಹೀಗೆ ಬರಹಕ್ಕೆ ಗಟ್ಟಿಯಾಗಿ ಇಳಿದ ಯೊರುಬಾದಲ್ಲಿ 1938ರಲ್ಲಿ ಫಗುನ್ವಾ ಅವರ ಕಾದಂಬರಿ ಬಂದಿತು. ನೈಜೀರಿಯಾದ ಸಾಹಿತ್ಯ ಇಂಗ್ಲಿಷಿನಿಂದಲೇ ಆರಂಭವಾಯಿತೆಂದು ಬರೆಯುವವರು ಈ ಇಸವಿಯನ್ನು ಗಮನಿಸಬೇಕು. ಮುಂದೆ 1948ರಲ್ಲಿ ಇಬಾದಾನಿನಲ್ಲಿ ಯೂನಿವರ್ಸಿಟಿ ಕಾಲೇಜು ತೆರೆಯಿತು. ಅಚೆಬೆ, ಸೊಯಿಂಕಾ ಇಬ್ಬರೂ ಅಲ್ಲಿ ಓದಿದರು.

ಇಷ್ಟಾದ ಮೇಲೆ 1958ರಲ್ಲಿ ಪ್ರಕಟವಾದ ಅಚೆಬೆಯವರ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯನ್ನು ತೆರೆಯಿರಿ. ಮೊದಲ ಭಾಗವನ್ನು ಅವಸರದಿಂದ ದಾಟಬೇಡಿ. ಬಿಳಿಯರು ಕಾಲಿಡುವ ಮುಂಚೆ ಆ ಊರಿನಲ್ಲಿ ಜಗಳ ಹೇಗೆ ತೀರುತ್ತಿತ್ತು, ಬಿರುದು ಹೇಗೆ ದೊರೆಯುತ್ತಿತ್ತು, ಯಾರ ಮಾತು ಎಲ್ಲಿ ನಡೆಯುತ್ತಿತ್ತು, ಯಾರಿಗೆ ಅನ್ಯಾಯವಾಗುತ್ತಿತ್ತು ಎಂಬುದೆಲ್ಲ ಅಲ್ಲಿದೆ. ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಮಾಡಿಕೊಂಡರೆ ಮೂರನೆಯ ಭಾಗದಲ್ಲಿ ಇವುಗಳಲ್ಲಿ ಯಾವುದು ಮೊದಲು ಮುರಿಯಿತೆಂದು ತಿಳಿಯುತ್ತದೆ. ಆ ಭಾಗದಲ್ಲಿ ಒಂದು ಪ್ರಸಂಗವನ್ನು ಎರಡು ಸಲ ಓದಿರಿ. ಚರ್ಚನ್ನು ಕೆಡವಿದ ಕಾರಣಕ್ಕೆ ಡಿಸ್ಟ್ರಿಕ್ಟ್ ಕಮಿಷನರ್ ಊರಿನ ಆರು ಮಂದಿ ಹಿರಿಯರನ್ನು ಮಾತುಕತೆಗೆಂದು ಕರೆಸಿ, ಕೈಕೋಳ ಹಾಕಿಸಿ, 200 ಚೀಲ ಕವಡೆಯ ದಂಡ ವಿಧಿಸುತ್ತಾನೆ. ಕೋರ್ಟಿನ ಜವಾನರು ಆ ಹಿರಿಯರ ತಲೆ ಬೋಳಿಸಿ, ಹೊಡೆದು, ಊರಿಗೆ ಹೋಗಿ ದಂಡ 250 ಚೀಲವೆಂದು ಸಾರುತ್ತಾರೆ. ಮೇಲಿನ 50 ಚೀಲ ಯಾರ ಪಾಲಿಗೆ ಎಂಬುದನ್ನು ಕಚೇರಿಯ ಮೆಟ್ಟಿಲು ಹತ್ತಿಬಂದ ಓದುಗರಿಗೆ ಹೇಳಬೇಕಾಗಿಲ್ಲ. ಕಮಿಷನರನಿಗೆ ಜನರ ಮಾತು ಬಾರದು, ಜನರಿಗೆ ಅವನ ಮಾತು ಬಾರದು. ಆ ನಡುವಿನ ಜಾಗವನ್ನು ಹಿಡಿದು ನಿಂತ ದುಭಾಷಿಯೂ ಜವಾನನೂ ಹೊಸ ಆಳ್ವಿಕೆಯ ನಿಜವಾದ ಮುಖವಾಗುತ್ತಾರೆ.

ಎರಡನೆಯದಾಗಿ ಅವರದೇ 1964ರ ‘ಆರೋ ಆಫ್ ಗಾಡ್’ ಓದಬೇಕು. ಹೆಚ್ಚು ಪ್ರಸಿದ್ಧವಾದದ್ದು ಮೊದಲನೆಯದಾದರೂ ಇದೇ ದೊಡ್ಡ ಕೃತಿಯೆಂದು ನಾನು ತಿಳಿದಿದ್ದೇನೆ. ಪರೋಕ್ಷ ಆಳ್ವಿಕೆಗೆ ಮುಖಂಡರನ್ನು ಹುಡುಕಿರೆಂದು ಮೇಲಿನಿಂದ ಸುತ್ತೋಲೆ ಬರುತ್ತದೆ. ಕ್ಯಾಪ್ಟನ್ ವಿಂಟರ್‌ಬಾಟಮ್ ಮನಸ್ಸಿಲ್ಲದ ಮನಸ್ಸಿನಿಂದ ಪ್ರಧಾನ ಪೂಜಾರಿ ಎಜೆಉಲುವನ್ನು ಆರಿಸುತ್ತಾನೆ. ಎಜೆಉಲು ಒಪ್ಪದೆ ಸೆರೆಯಲ್ಲಿರಬೇಕಾಗುತ್ತದೆ. ಸೆರೆಯಲ್ಲಿದ್ದಾಗ ಅಮಾವಾಸ್ಯೆ ಕಳೆದು ಹೊಸ ಚಂದ್ರ ಮೂಡಿದಾಗಲೆಲ್ಲ ತಿನ್ನಬೇಕಾದ ಪವಿತ್ರ ಗೆಣಸು ಉಳಿದುಹೋಗುತ್ತದೆ, ಅದು ತೀರುವ ತನಕ ಸುಗ್ಗಿಯ ಹಬ್ಬವನ್ನು ಸಾರಲಾಗದು, ಹಬ್ಬವಾಗದೆ ಯಾರೂ ಹೊಲದ ಬೆಳೆಯನ್ನು ಕೀಳುವಂತಿಲ್ಲ. ಬೆಳೆ ನೆಲದಲ್ಲೇ ಕೆಡುತ್ತಿರುವಾಗ ಚರ್ಚಿನವರು ನಮ್ಮ ದೇವರಿಗೆ ಅರ್ಪಿಸಿ ಕಿತ್ತುಕೊಳ್ಳಿರೆನ್ನುತ್ತಾರೆ. ಒಂದು ಆಡಳಿತದ ಸುತ್ತೋಲೆ ಹೇಗೆ ಪಂಚಾಂಗದ ಮೂಲಕ ಹಾದು ಒಂದು ಊರಿನ ದೇವರನ್ನು ಬದಲಿಸಿತು ಎಂಬುದನ್ನು ಈ ಕಾದಂಬರಿ ತೋರಿಸುತ್ತದೆ. ಸುತ್ತೋಲೆಯಿಂದ ಸುಗ್ಗಿಯವರೆಗಿನ ಈ ಸರಪಣಿಯನ್ನು ನಿಮ್ಮ ಮಾತಿನಲ್ಲಿ ಬರೆದು ನೋಡಿರಿ. ಪೂಜಾರಿಯ ಸ್ವಂತ ಹಟಕ್ಕೂ ಅದರಲ್ಲಿ ಜಾಗ ಕೊಡಲೇಬೇಕು.

ಸೊಯಿಂಕಾ ಅವರ 1975ರ ‘ಡೆತ್ ಅಂಡ್ ದ ಕಿಂಗ್ಸ್ ಹಾರ್ಸ್‌ಮನ್’ ನಾಟಕವನ್ನು ಕೊನೆಗೆ ಇಟ್ಟುಕೊಳ್ಳಿರಿ, ಏಕೆಂದರೆ ಅದು ಇಲ್ಲಿಯವರೆಗಿನ ಓದಿಗೆ ಎದುರು ನಿಲ್ಲುತ್ತದೆ. ಸಂಪ್ರದಾಯದಂತೆ ಸತ್ತ ಅರಸನ ಹಿಂದೆಯೇ ಪ್ರಾಣ ಬಿಡಬೇಕಾದ ಎಲೆಸಿನ್‌ನನ್ನು ಬ್ರಿಟಿಷ್ ಅಧಿಕಾರಿ ತಡೆಯುತ್ತಾನೆ. ಓಯೊ ನಗರದಲ್ಲಿ 1940ರ ದಶಕದಲ್ಲಿ ನಡೆದ ಘಟನೆ ಇದಕ್ಕೆ ಆಧಾರ. ಇದನ್ನು ಸಂಸ್ಕೃತಿಗಳ ಸಂಘರ್ಷವೆಂದು ಸುಲಭವಾಗಿ ಓದಬೇಡಿರೆಂದು ಸೊಯಿಂಕಾ ಮುನ್ನುಡಿಯ ಟಿಪ್ಪಣಿಯಲ್ಲಿಯೇ ಎಚ್ಚರಿಸಿದ್ದಾರೆ. ವಸಾಹತುಶಾಹಿ ಇಲ್ಲಿ ನೆಪ ಮಾತ್ರ, ನಾಟಕ ನಡೆಯುವುದು ಎಲೆಸಿನ್‌ನ ಮನಸ್ಸಿನಲ್ಲಿ ಮತ್ತು ಯೊರುಬಾ ಲೋಕದಲ್ಲಿ ಎಂಬುದು ಅವರ ನಿಲುವು. ಆಳ್ವಿಕೆಯ ಪದ್ಧತಿಯನ್ನು ಹಿಡಿದು ಓದುವ ನಮ್ಮ ಕ್ರಮದ ಮಿತಿಯನ್ನು ಈ ಟಿಪ್ಪಣಿಯಿಂದ ಅಳೆದುಕೊಳ್ಳಬೇಕು. ಹಾಗೆಂದು ಅದನ್ನು ಪೂರ್ತಿ ಬಿಡಬೇಕಾಗಿಯೂ ಇಲ್ಲ. ಎಲೆಸಿನ್‌ನನ್ನು ಹಿಡಿಯಲು ಸಂತೆಗೆ ಬಂದ ಸಾರ್ಜೆಂಟ್ ಅಮುಸಾನನ್ನು ಸಂತೆಯ ಹೆಂಗಸರು ತಡೆದು ನಿಲ್ಲಿಸುತ್ತಾರೆ, ಹುಡುಗಿಯರು ಬಿಳಿಯರ ಇಂಗ್ಲಿಷ್ ರಾಗವನ್ನು ಅಣಕಿಸುತ್ತಾ ಅವನನ್ನು ಓಡಿಸುತ್ತಾರೆ. ಇವರು ಯೊರುಬಾ ಹೆಂಗಸರು, 1929ರವರು ಬಹುತೇಕ ಇಗ್ಬೊ ಹೆಂಗಸರು. ಆದರೂ ಆ ದೃಶ್ಯವನ್ನು ಬಳಗದಲ್ಲಿ ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿ, ಒಲೊಕೊದ ವೃತ್ತಾಂತವನ್ನು ಪಕ್ಕದಲ್ಲಿಟ್ಟುಕೊಂಡು ಚರ್ಚಿಸಿರಿ.