ಹಾಯಿ ಇಳಿಸಬಹುದಾದ ದೋಣಿ

ಅಮೆರಿಕದ ಮ್ಯಾಡಿಸನ್ ಊರಿಗೆ ಬಂದ ಮೂರನೆಯ ಬೇಸಿಗೆಯಲ್ಲಿ, ಮೆಂಡೋಟಾ ಸರೋವರದಲ್ಲಿ ನಡೆಸಲು ಹಳೆಯ ಹಾಯಿದೋಣಿಯೊಂದನ್ನು ಕೊಳ್ಳಬೇಕೆಂದು ಹೊರಟಾಗ ನನ್ನ ಮುಂದೆ ಉಳಿದದ್ದು ಎರಡೇ: ಲೇಸರ್ ಮತ್ತು ಸನ್‌ಫಿಶ್. ಅಳತೆಯಲ್ಲಿ ಇವೆರಡೂ ಅವಳಿಗಳಂತಿವೆ. ಲೇಸರ್‌ನ ಉದ್ದ 4.23 ಮೀಟರ್, ಸನ್‌ಫಿಶ್ ಅದಕ್ಕಿಂತ ಕೆಲವೇ ಸೆಂಟಿಮೀಟರ್ ಗಿಡ್ಡ. ಒಡಲಿನ ತೂಕ ಒಂದರದು 59 ಕಿಲೋ, ಇನ್ನೊಂದರದು 54ರ ಆಸುಪಾಸು. ಎರಡರ ಹಾಯಿಯೂ ಸುಮಾರು 7 ಚದರ ಮೀಟರ್. 1996ರಿಂದ ಒಲಿಂಪಿಕ್ಸ್‌ನಲ್ಲಿರುವ ಲೇಸರ್ ಮೇಲೆಯೇ ನನ್ನ ಕಣ್ಣಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಪರಿಚಿತರಿಂದ ಎರಡನ್ನೂ ಎರವಲು ಪಡೆದು ಒಂದೊಂದು ದಿನ ನಡೆಸಿದೆ. ಲೇಸರ್ ನಿಜಕ್ಕೂ ಚುರುಕು. ದೋಣಿಯೊಳಗಿನ ಪಟ್ಟಿಗೆ ಕಾಲು ಸಿಕ್ಕಿಸಿ ಮೈಯನ್ನು ಹೊರಕ್ಕೆ ಚಾಚಿದರೆ ಸಾಕು, ನೀರನ್ನು ಬಿಟ್ಟೆದ್ದು ಜಾರುತ್ತದೆ. ಆದರೆ ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಹಾಯಿಯನ್ನು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹಾಯಿಸಿದಾಗ, ಸಡಿಲಗೊಂಡ ಹಾಯಿಯ ಹಗ್ಗವು ದೋಣಿಯ ಹಿಂಬದಿಯ ಮೂಲೆಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸುವಷ್ಟರಲ್ಲಿ ನಾನು ನೀರಿನಲ್ಲಿದ್ದೆ. ಮೇ ತಿಂಗಳ ಮೆಂಡೋಟಾದ ನೀರು ಕೊರೆಯುವಷ್ಟು ತಣ್ಣಗಿರುತ್ತದೆ. 64 ಕಿಲೋ ತೂಗುವ ನನಗೆ ಆ ಹಾಯಿ ಜೋರುಗಾಳಿಯಲ್ಲಿ ದೊಡ್ಡದೇ, 5.76 ಚದರ ಮೀಟರಿನ, ರೇಡಿಯಲ್ ಎಂಬ ಚಿಕ್ಕ ಹಾಯಿಯನ್ನು ಹಾಕಬಹುದಿತ್ತಾದರೂ, ಅದಕ್ಕೆ ಕಂಬದ ಗಿಡ್ಡದಾದ ಕೆಳಭಾಗವನ್ನೂ ಬೇರೆಯಾಗಿ ಕೊಳ್ಳಬೇಕು.

ನಿರ್ಧಾರವನ್ನು ಬದಲಿಸಿದ್ದು ಇದಾವುದೂ ಅಲ್ಲ. ಲೇಸರ್‌ನ ಹಾಯಿಯನ್ನು ದಿಂಬಿಗೆ ಗಲೀಪು ತೊಡಿಸಿದಂತೆ ಕಂಬಕ್ಕೆ ತೊಡಿಸಿ, ಕಂಬ ಮತ್ತು ಹಾಯಿ ಎರಡನ್ನೂ ಒಟ್ಟಿಗೆ ಎತ್ತಿ ದೋಣಿಯ ಕುಳಿಯಲ್ಲಿ ನಿಲ್ಲಿಸುತ್ತಾರೆ. ಹೀಗಾಗಿ ಸರೋವರದ ನಡುವೆ ಗಾಳಿ ಏರಿದರೆ ಅದನ್ನು ಕೆಳಗಿಳಿಸಲು ದಾರಿಯಿಲ್ಲ. ಸನ್‌ಫಿಶ್‌ನದು ಎರಡು ಅಡ್ಡಗಂಬಗಳ ನಡುವೆ ಬಿಗಿದ ತ್ರಿಕೋನ ಹಾಯಿ, ನಮ್ಮ ಕರಾವಳಿಯ ಹಳೆಯ ಪತ್ತೆಮಾರಿ ಹಡಗುಗಳ ಹಾಯಿಗೆ ದೂರದ ನೆಂಟ. ಒಂದು ಹಗ್ಗವನ್ನು ಬಿಟ್ಟರೆ ಅದು ಮಡಿಲಿಗೇ ಬಂದು ಬೀಳುತ್ತದೆ. ಎಂಟು ವರ್ಷದ ಮಗಳನ್ನು ಮುಂದೆ ಕೂರಿಸಿಕೊಂಡು ಹೋಗಬೇಕೆಂದಿದ್ದ ನನಗೆ ವೇಗಕ್ಕಿಂತ ಈ ಹಗ್ಗವೇ ದೊಡ್ಡದಾಗಿ ಕಂಡಿತು.

ಹಾಗಾದರೂ ಮಾರಾಟಕ್ಕಿದ್ದ ಎರಡೂ ಬಗೆಯ ದೋಣಿಗಳನ್ನು ಪರೀಕ್ಷಿಸಿದೆ. ಲೇಸರ್‌ನ ಕಂಬದ ಕುಳಿಗೆ ಅಂಚಿನವರೆಗೆ ನೀರು ತುಂಬಿಸಿ, ಪೆನ್ಸಿಲ್‌ನಿಂದ ಗುರುತು ಹಾಕಿ ಕಾದೆ. ಇಪ್ಪತ್ತು ನಿಮಿಷದಲ್ಲಿ ನೀರು ಎರಡು ಬೆರಳಷ್ಟು ಇಳಿದಿತ್ತು. ಕುಳಿಯ ತಳ ಸೋರುತ್ತಿದ್ದರೆ ಒಡಲಿಗೆ ನೀರು ಸೇರುವುದಲ್ಲದೆ, ಬಿರುಗಾಳಿಯಲ್ಲಿ ಕಂಬವೇ ಕಿತ್ತುಬರುವ ಭಯವಿದೆ. ಸನ್‌ಫಿಶ್ ಕೂಡ ನಿರ್ದೋಷಿಯಾಗಿರಲಿಲ್ಲ. ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ಒಂದೊಂದು ತುದಿಯನ್ನಿಟ್ಟು ಕೂಡಿದಾಗ 71 ಕಿಲೋ ಬಂತು. ಒಳಗಿನ ಫೋಮ್ ದಿಮ್ಮಿಗಳು ವರ್ಷಗಳಿಂದ ನೀರು ಕುಡಿದಿದ್ದವು. ಮಾರುವವರು ದೋಣಿ ಗಟ್ಟಿಮುಟ್ಟಾಗಿರುವುದರಿಂದಲೇ ಭಾರವೆಂದು ವಿವರಿಸಿದರು. ನಾನು ಬೆಲೆಯಲ್ಲಿ ಇಳಿಸುವಂತೆ ಕೇಳಿದೆ, ಅವರು ಇಳಿಸಿದರು.

ಹೀಗೆ ಕೊಂಡ ಸನ್‌ಫಿಶ್‌ನ ಮೇಲ್ಭಾಗದಲ್ಲಿ ಎರಡು ದುಂಡನೆಯ ಕಿಂಡಿಗಳನ್ನು ಕೊರೆದು ಮುಚ್ಚಳ ಕೂಡಿಸಿದೆ. ಸರೋವರ ಹೆಪ್ಪುಗಟ್ಟಿದ್ದ ಚಳಿಗಾಲವಿಡೀ ಗ್ಯಾರೇಜಿನಲ್ಲಿ ಒಂದು ಸಣ್ಣ ಫ್ಯಾನ್ ಆ ಕಿಂಡಿಯೊಳಕ್ಕೆ ಗಾಳಿ ಊದುತ್ತಿತ್ತು. ಏಪ್ರಿಲ್‌ನಲ್ಲಿ ತೂಗಿದಾಗ 60 ಕಿಲೋ. ಜೂನ್‌ನ ಒಂದು ಮಧ್ಯಾಹ್ನ ಪಡುವಣದಲ್ಲಿ ಮೋಡ ಕಪ್ಪಾದಾಗ ಹಗ್ಗವನ್ನು ಬಿಟ್ಟೆ. ಹಾಯಿ ಮಗಳ ತಲೆಯ ಮೇಲೆಯೇ ಕುಸಿಯಿತು. ಅವಳು ಅದರಡಿಯಿಂದ ಬಯ್ಯುತ್ತಿರುವಾಗಲೇ ನಾವು ಹುಟ್ಟು ಹಾಕುತ್ತಾ ದಡ ಸೇರಿದೆವು.