ಬೇರು ಕೆಳಗೇ ಯಾಕೆ ಹೋಗತ್ತೆ? ಕಡ್ಲೆಕಾಳಲ್ಲಿ ಮನೇಲೇ ನೋಡಿ

ಒಂದು ಹಿಡಿ ಕಂದು ಕಡ್ಲೆಕಾಳು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೇಲಿ ಕಟ್ಟಿಡಿ. ಆದ್ರೆ ಅಡುಗೆಗೆ ಬಿಟ್ಟಷ್ಟು ಬಿಡ್ಬೇಡಿ, ಬಟ್ಟೆ ಒಳಗೇ ಬೇರು ಸುತ್ಕೊಂಡ್ಬಿಡತ್ತೆ. ಮೊಳಕೆ ಮೂತಿ ಕಂಡ ತಕ್ಷಣ ತೆಗೀರಿ.

ಈಗ ಒಂದು ಜಿಪ್‌ಲಾಕ್ ಕವರ್ ಒಳಗೆ ಒದ್ದೆ ಟಿಶ್ಯೂ ಹಾಸಿ, ಮಧ್ಯದಲ್ಲಿ ಸಾಲಾಗಿ ಸ್ಟೇಪ್ಲರ್ ಪಿನ್ ಹೊಡೀರಿ, ಅದರ ಮೇಲೆ ಕಾಳು ಕೂರಿಸಿದ್ರೆ ಜಾರಲ್ಲ, ಬೇರು ಪಿನ್ನಿನ ಸಂದೀಲಿ ಕೆಳಗಿಳಿಯತ್ತೆ. ಕವರನ್ನ ಒಂದು ರಟ್ಟಿಗೆ ಅಂಟಿಸಿ ಬೀರು ಒಳಗೆ ನೆಟ್ಟಗೆ ನಿಲ್ಲಿಸಿ. ಕತ್ತಲೇ ಬೇಕು, ಯಾಕಂದ್ರೆ ಬೆಳಕಿಗೂ ಗಿಡ ಬಗ್ಗತ್ತೆ, ಆಮೇಲೆ ಯಾವುದರಿಂದ ಬಗ್ತು ಅಂತ ಗೊತ್ತಾಗಲ್ಲ.

ಬೇರು ಎರಡು ಸೆಂಟಿಮೀಟರ್ ಆದ್ಮೇಲೆ ತುದಿಯಿಂದ ಶುರು ಮಾಡಿ 2 ಮಿಲಿಮೀಟರಿಗೊಂದು ಸಣ್ಣ ಇಂಕ್ ಗೆರೆ ಹಾಕಿ, ರಟ್ಟನ್ನ ಮಲಗಿಸದೆ, ನಿಂತ ಹಾಗೇ ಪಕ್ಕಕ್ಕೆ ತಿರುಗಿಸಿ, ಬೇರು ಅಡ್ಡ ಆಗೋ ಹಾಗೆ ಇಡಿ. ಸಾಯಂಕಾಲ ತಿರುಗಿಸಿಟ್ರೆ ಬೆಳಿಗ್ಗೆ ಹೊತ್ತಿಗೆ ಬೇರು ಕೆಳಗೆ ಬಗ್ಗಿರತ್ತೆ. ಎಲ್ಲಿ ಬಗ್ಗಿದೆ ಅಂತ ಚೆನ್ನಾಗಿ ನೋಡಿ: ತುದೀಲಲ್ಲ, ತುದಿಗಿಂತ ಸ್ವಲ್ಪ ಹಿಂದೆ, ಗೆರೆಗಳು ದೂರ ದೂರ ಆಗಿರೋ ಜಾಗದಲ್ಲಿ, ಅಂದ್ರೆ ಬೇರು ಉದ್ದ ಆಗ್ತಿರೋ ಕಡೆ.

ನನಗೆ ಇದರಲ್ಲಿ ತುಂಬಾ ಇಷ್ಟ ಆಗೋದೇ ಇದು, ಕೆಳಗೆ ಯಾವ ಕಡೆ ಅಂತ ತಿಳ್ಕೊಳ್ಳೋ ಜಾಗ ಬೇರೆ, ಬಗ್ಗೋ ಜಾಗ ಬೇರೆ. ಬೇರಿನ ತುದಿಗೆ ಟೋಪಿ ಥರ ಒಂದು ಭಾಗ ಇದೆ, ಅಲ್ಲಿನ ಜೀವಕೋಶಗಳಲ್ಲಿ ಪಿಷ್ಟದ ಭಾರವಾದ ಕಣಗಳಿರತ್ವೆ, ಬೇರು ಅಡ್ಡ ಆದ್ರೆ ಅವು ಜಾರಿ ಹೊಸ ಕೆಳಭಾಗಕ್ಕೆ ಬಂದು ಕೂರತ್ವೆ. ಆಗ ಆಕ್ಸಿನ್ ಅನ್ನೋ ಹಾರ್ಮೋನು ಕೆಳಗಿನ ಮಗ್ಗುಲಲ್ಲಿ ಜಾಸ್ತಿ ಹರಿಯತ್ತೆ. ಬೇರಲ್ಲಿ ಆಕ್ಸಿನ್ ಜಾಸ್ತಿ ಆದ್ರೆ ಬೆಳವಣಿಗೆ ನಿಧಾನ, ಮೇಲಿನ ಮಗ್ಗುಲು ಮುಂದೆ ಓಡತ್ತೆ, ಬೇರು ಕೆಳಗೆ ಬಗ್ಗತ್ತೆ. ಕಾಂಡದಲ್ಲಿ ಅದೇ ಆಕ್ಸಿನ್ ಬೆಳವಣಿಗೆ ಜಾಸ್ತಿ ಮಾಡತ್ತೆ, ಅದಕ್ಕೇ ಕಾಂಡ ಮೇಲಕ್ಕೆ ಏಳತ್ತೆ.

ಪರೀಕ್ಷೆ ಮಾಡ್ಬೇಕಾ? ಇನ್ನೊಂದಷ್ಟು ಮೊಳಕೆ ತಗೊಂಡು, ಅಡ್ಡ ಇಡೋ ಮೊದ್ಲು ಹೊಸ ಬ್ಲೇಡಲ್ಲಿ ತುದಿ ಒಂದೇ ಒಂದು ಮಿಲಿಮೀಟರ್ ಕತ್ತರಿಸಿ. ಚಾರ್ಲ್ಸ್ ಡಾರ್ವಿನ್ ಮಗ ಫ್ರಾನ್ಸಿಸ್ ಜೊತೆ ಸೇರಿ ಇಂಥದ್ದೇ ಪ್ರಯೋಗಗಳನ್ನ ಮಾಡಿ 1880ರಲ್ಲಿ ಪ್ರಕಟಿಸಿದ್ರು. ತುದಿ ಹೋದ ಬೇರು ಉದ್ದ ಆಗ್ತಾ ಇರತ್ತೆ, ಆದ್ರೆ ಅಡ್ಡಡ್ಡ ಹೋಗತ್ತೆ, ಕೆಳಗೆ ತಿರುಗಲ್ಲ. ಅವನ್ನ ಬಿಸಾಕ್ಬೇಡಿ, ಟಿಶ್ಯೂ ಒಣಗದ ಹಾಗೆ ನೋಡ್ಕೊಳ್ಳಿ, ಕೆಲವು ದಿನದಲ್ಲಿ ಹೊಸ ತುದಿ ಬಂದ್ರೆ ಅದೇ ಬೇರು ಮತ್ತೆ ಕೆಳಗೆ ತಿರುಗತ್ತೆ.