ಗ್ರಾಫ್ ಹಾಳೆಯ ಮೇಲೆ ಸಾಗರದ ತಳ

ಹಾಸನದಲ್ಲಿ ಡಿಗ್ರಿ ಮಕ್ಕಳಿಗೆ ಭೂವಿಜ್ಞಾನ ಹೇಳಿಕೊಡುವುದು ನನ್ನ ಕೆಲಸ. ಸಾಗರದ ನಡುವಿನ ರಿಡ್ಜ್‌ಗಳ, ಅಂದರೆ ಹೊಸ ನೆಲ ಹುಟ್ಟಿ ಎರಡೂ ಬದಿಗೆ ಸರಿಯುವ ನೀರಿನಡಿಯ ಏರುಗಳ ಪಾಠದಲ್ಲಿ ಪ್ರತಿ ವರ್ಷ ಒಂದೇ ತೊಂದರೆ. ಪಠ್ಯದ ಚಿತ್ರದಲ್ಲಿ ರಿಡ್ಜ್ ಅಂದರೆ ನೀರಿನಡಿ ಚೂಪಾಗಿ ನಿಂತ ಬೆಟ್ಟ. ನಮ್ಮ ಹುಡುಗರ ಕಣ್ಣಿಗೆ ತಕ್ಷಣ ಮುಳ್ಳಯ್ಯನಗಿರಿ ಬರುತ್ತದೆ. ಆಮೇಲೆ ಎಷ್ಟು ಹೇಳಿದರೂ ಅದು ತಲೆಯಿಂದ ಇಳಿಯಲ್ಲ. ಅದಕ್ಕೇ ನಾನು ಈಗ ಪಾಠ ಶುರು ಮಾಡುವ ಮೊದಲೇ ಗ್ರಾಫ್ ಹಾಳೆ ಹಂಚಿಬಿಡುತ್ತೇನೆ.

ಸಾಗರದ ಆಳದ ಅಂಕಿಗಳು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ದಕ್ಷಿಣ ಅಟ್ಲಾಂಟಿಕ್‌ನ ರಿಡ್ಜ್‌ಗೆ ಅಡ್ಡಲಾಗಿ ಒಂದು ಗೆರೆ ಎಳೆದು, ಅದರುದ್ದಕ್ಕೂ ಆಳ ಬರೆದುಕೊಂಡರೆ ಸಾಕು. ಮೊದಲ ಹಾಳೆಯಲ್ಲಿ ಅಡ್ಡಕ್ಕೂ ಉದ್ದಕ್ಕೂ ಒಂದೇ ಅಳತೆ: 1 ಸೆಂ.ಮೀ.ಗೆ 100 ಕಿ.ಮೀ. ರಿಡ್ಜ್ ತನ್ನ ಅಕ್ಕಪಕ್ಕದ ಆಳ ಬಯಲಿಗಿಂತ ಹೆಚ್ಚುಕಮ್ಮಿ 2.5 ಕಿ.ಮೀ. ಎತ್ತರ. ಈ ಅಳತೆಯಲ್ಲಿ ಅದು ಕಾಲು ಮಿಲಿಮೀಟರ್. ಪೆನ್ಸಿಲ್ ಮೊನೆ ಸ್ವಲ್ಪ ಮೊಂಡಾಗಿದ್ದರೆ ಇಡೀ ಪರ್ವತಶ್ರೇಣಿ ಆ ಗೆರೆಯ ದಪ್ಪದಲ್ಲೇ ಮುಳುಗಿಹೋಗುತ್ತದೆ. "ಸರ್, ಬೆಟ್ಟ ಎಲ್ಲಿ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಯೇ ನನಗೆ ಬೇಕಾಗಿರೋದು.

ಎರಡನೇ ಹಾಳೆಯಲ್ಲಿ ಎತ್ತರವನ್ನು ಮಾತ್ರ 1 ಸೆಂ.ಮೀ.ಗೆ 500 ಮೀಟರ್ ಮಾಡಿಸುತ್ತೇನೆ. ಅಂದರೆ 200 ಪಟ್ಟು ಎಳೆದು ತೋರಿಸಿದ ಹಾಗೆ. ಈಗ ಪಠ್ಯದಲ್ಲಿರುವ ಬೆಟ್ಟ ಬಂತು. ನಿಜವಾದ ಇಳಿಜಾರು ಕಿಲೋಮೀಟರಿಗೆ ಎರಡು ಚಿಲ್ಲರೆ ಮೀಟರ್ ಅಷ್ಟೇ. ಇದರ ಮುಂದೆ ಶಿರಾಡಿ ಘಾಟಿ ಗೋಡೆ ಇದ್ದಂತೆ.

ಇಷ್ಟು ನಿಧಾನವಾಗಿ ಇಳಿಯುವುದು ಯಾಕೆ? ಹಿಮಾಲಯದ ಹಾಗೆ ನೆಲ ಒತ್ತಿ ಮಡಿಚಿ ಎದ್ದ ಬೆಟ್ಟ ಇದಲ್ಲ. ನಡುವೆ ಹುಟ್ಟಿದ ಹೊಸ ನೆಲ ಬಿಸಿ ಇರುತ್ತದೆ, ಉಬ್ಬಿರುತ್ತದೆ. ದೂರ ಸರಿದಂತೆ ತಣ್ಣಗಾಗಿ ಕುಗ್ಗಿ ಕುಸಿಯುತ್ತದೆ. 1977ರಲ್ಲಿ ಪಾರ್ಸನ್ಸ್ ಮತ್ತು ಸ್ಕ್ಲೇಟರ್ ಎಂಬ ವಿಜ್ಞಾನಿಗಳು ಇದಕ್ಕೊಂದು ಸರಳ ಲೆಕ್ಕ ಕೊಟ್ಟರು. ನೆಲದ ವಯಸ್ಸನ್ನು ದಶಲಕ್ಷ ವರ್ಷಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 350ರಿಂದ ಗುಣಿಸಿ, 2500 ಕೂಡಿಸಿದರೆ ಆಳ ಮೀಟರಿನಲ್ಲಿ ಬರುತ್ತದೆ. 4ಕ್ಕೆ 3200, 25ಕ್ಕೆ 4250, 64ಕ್ಕೆ 5300. ಸುಮಾರು 70 ದಶಲಕ್ಷ ವರ್ಷದ ತನಕ ಇದು ಚೆನ್ನಾಗಿ ಹೊಂದುತ್ತದೆ. ದಕ್ಷಿಣ ಅಟ್ಲಾಂಟಿಕ್‌ನಲ್ಲಿ ನೆಲ ಒಂದೊಂದು ಬದಿಗೆ ವರ್ಷಕ್ಕೆ 2 ಸೆಂ.ಮೀ. ಸರಿಯುತ್ತದೆ ಅಂದುಕೊಂಡರೆ 25 ದಶಲಕ್ಷ ವರ್ಷದ ನೆಲ 500 ಕಿ.ಮೀ. ದೂರದಲ್ಲಿ ಸಿಗಬೇಕು. ಹಾಳೆಯಲ್ಲಿ 5 ಸೆಂ.ಮೀ. ಅಲ್ಲಿ ಚುಕ್ಕೆ ಇಟ್ಟು ನೋಡಿದರೆ, ಸಣ್ಣಪುಟ್ಟ ಏರಿಳಿತ ಬಿಟ್ಟರೆ, ತಾವೇ ಬರೆದ ಗೆರೆಯ ಹತ್ತಿರಕ್ಕೇ ಬರುತ್ತದೆ. ಹುಡುಗರ ಮುಖ ಅರಳುವುದು ಇಲ್ಲಿ.

ನಮ್ಮ ಅರಬ್ಬೀ ಸಮುದ್ರದ ಕಾರ್ಲ್ಸ್‌ಬರ್ಗ್ ರಿಡ್ಜ್‌ನಿಂದಲೇ ಶುರು ಮಾಡಬಹುದಿತ್ತಲ್ವಾ ಅನ್ನಬಹುದು. ಬೇಡ. ಅದರ ಈಶಾನ್ಯ ಬದಿಯಲ್ಲಿ ಸಿಂಧೂ ನದಿ ಹೊತ್ತು ತಂದ ಹೂಳು ರಾಶಿ ಬಿದ್ದು ನೆಲವನ್ನೇ ಮುಚ್ಚಿಬಿಟ್ಟಿದೆ, ಲೆಕ್ಕ ತಾಳೆಯಾಗಲ್ಲ. ಅದನ್ನು ಆಮೇಲೆ ಕೊಟ್ಟು "ಒಂದು ಬದಿ ಯಾಕೆ ಚಪ್ಪಟೆ?" ಅಂತ ಕೇಳುತ್ತೇನೆ. ಆದರೆ ಕಥೆಯಲ್ಲಿ ಅದಕ್ಕೆ ದೊಡ್ಡ ಜಾಗವಿದೆ. 1962ರಲ್ಲಿ ಬ್ರಿಟಿಷ್ ಹಡಗು ಓವೆನ್ ಈ ರಿಡ್ಜ್ ಮೇಲೆ ಅಳೆದು ತಂದ ಕಾಂತೀಯ ಅಂಕಿಗಳನ್ನು ಹಿಡಿದೇ ವೈನ್ ಮತ್ತು ಮ್ಯಾಥ್ಯೂಸ್ ಎಂಬ ವಿಜ್ಞಾನಿಗಳು 1963ರಲ್ಲಿ ಸಾಗರದ ನೆಲ ಪಟ್ಟಿಪಟ್ಟಿಯಾಗಿ ಹುಟ್ಟಿ ಸರಿಯುತ್ತದೆ ಅಂತ ವಾದಿಸಿದ್ದು. ಹೆಸರು ಮಾತ್ರ ಬಿಯರ್ ಕಂಪನಿಯ ಪ್ರತಿಷ್ಠಾನದ್ದು. ಹಿಂದಿನ ಬೆಂಚಿನವರಿಗೆ ಪರೀಕ್ಷೆಯಲ್ಲಿ ಇದೊಂದು ಮರೆಯಲ್ಲ.

ಒಳಗಿನ ರಚನೆಗೆ ಹಾಳೆ ಸಾಲದು, ಕಲ್ಲೇ ಬೇಕು. ರಿಡ್ಜ್ ಕೆಳಗಿನ ಮ್ಯಾಂಟಲ್ (ತೊಗಟೆಯಡಿಯ ಬಿಸಿ ಬಂಡೆಯ ಪದರ) ಮೇಲೇರುವಾಗ ಒತ್ತಡ ಇಳಿದು ಅದರಲ್ಲಿ ಸ್ವಲ್ಪ ಭಾಗ ಕರಗುತ್ತದೆ. ಆ ಪಾಕದಿಂದ 6-7 ಕಿ.ಮೀ. ದಪ್ಪದ ತೊಗಟೆ ಆಗುತ್ತದೆ: ಮೇಲೆ ನೀರಿನಲ್ಲಿ ದಿಂಬಿನಂತೆ ಗಟ್ಟಿಯಾದ ಪಿಲ್ಲೋ ಲಾವಾ, ಅದರಡಿ ಸಾಲುಸಾಲು ಡೈಕ್ (ಬಿರುಕಿಗೆ ನುಗ್ಗಿದ ಪಾಕ ಗಟ್ಟಿಯಾದ ಗೋಡೆ), ತಳದಲ್ಲಿ ನಿಧಾನವಾಗಿ ತಣ್ಣಗಾದ ದಪ್ಪ ಹರಳಿನ ಗ್ಯಾಬ್ರೊ. ಪಿಲ್ಲೋ ಲಾವಾ ನೋಡಲು ಚಿತ್ರದುರ್ಗದ ಮರಡಿಹಳ್ಳಿಗೆ ಹೋಗಬೇಕು. ಡೈಕ್ ನಮ್ಮ ಜಿಲ್ಲೆಯ ಕಪ್ಪು ಕಲ್ಲಿನ ಕ್ವಾರಿಗಳಲ್ಲೇ ಇದೆ. ಬೂದು ಬಣ್ಣದ ನೈಸ್ ಬಂಡೆಯನ್ನು ಸೀಳಿಕೊಂಡು ನಿಂತ ಕಪ್ಪು ಗೋಡೆ. ಅಂಚಿಗೆ ಲೆನ್ಸ್ ಹಿಡಿದರೆ ಹರಳೇ ಕಾಣಲ್ಲ, ಗಾಜಿನಷ್ಟು ನಯ. ಒಂದೊಂದೇ ಹೆಜ್ಜೆ ನಡುವಿಗೆ ಬನ್ನಿ, ಬಿಳಿ ಕಡ್ಡಿಯಂಥ ಹರಳುಗಳು ದಪ್ಪವಾಗುತ್ತಾ ಹೋಗುತ್ತವೆ. ತಣ್ಣನೆ ಬಂಡೆಗೆ ತಾಗಿದ ಅಂಚು ಬೇಗ ಗಟ್ಟಿಯಾಯಿತು, ನಡು ನಿಧಾನವಾಗಿ.

ಇದು ಹಳೆಯ ಭೂಖಂಡದ ಡೈಕ್, ಸಾಗರದ್ದಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ನಯವಾದ ಅಂಚು ಎರಡೂ ಬದಿಗಿದೆ. ರಿಡ್ಜ್‌ನಲ್ಲಿ ಸೀಳಿಕೊಳ್ಳಲು ಬೇರೆ ಬಂಡೆಯೇ ಇಲ್ಲ. ಹೊಸ ಡೈಕ್ ಹಳೆಯದರ ನಡುವನ್ನೇ ಸೀಳುತ್ತದೆ, ಅದರ ಒಂದು ಅರ್ಧ ಈ ಕಡೆ, ಇನ್ನೊಂದು ಆ ಕಡೆ. ಹಾಗಾಗಿ ಅಲ್ಲಿ ನಯವಾದ ಅಂಚು ಒಂದೇ ಬದಿಗಿರುವ ಅರೆ ಡೈಕ್‌ಗಳು ಬೇಕಾದಷ್ಟು. ಸಾಗರದ ತಳ ಮೇಲೆದ್ದು ನಿಂತಿರುವ ಸೈಪ್ರಸ್‌ನ ಟ್ರೂಡೋಸ್‌ನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ನೆಲ ಬಿಚ್ಚಿಕೊಳ್ಳುತ್ತಾ ಬೆಳೆಯಿತು ಅನ್ನೋದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ.

ಕೊನೆಗೆ ಟ್ರಾನ್ಸ್‌ಫಾರ್ಮ್ ಫಾಲ್ಟ್, ಅಂದರೆ ರಿಡ್ಜ್‌ನ ಎರಡು ತುಂಡುಗಳನ್ನು ಜೋಡಿಸುವ ಬಿರುಕು. ನಕಾಶೆಯಲ್ಲಿ ರಿಡ್ಜ್ ತುಂಡುತುಂಡಾಗಿ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ತುಂಡುಗಳೇ ಸರಿದವು ಅಂತ ಎಲ್ಲರೂ ಬಾಣ ಹಾಕುತ್ತಾರೆ. 1965ರಲ್ಲಿ ವಿಜ್ಞಾನಿ ಟುಜೊ ವಿಲ್ಸನ್ ಹೇಳಿದ್ದು ಉಲ್ಟಾ ದಿಕ್ಕು: ಸರಿಯುವುದು ತುಂಡುಗಳಲ್ಲ, ಅವುಗಳಿಂದ ಹುಟ್ಟಿ ಆಚೀಚೆ ಹೋಗುವ ನೆಲ. ವಾದ ಮಾಡುವ ಬದಲು ಭೂಕಂಪದ ಚುಕ್ಕೆಗಳನ್ನು ಹಾಕಿಸುತ್ತೇನೆ. ಎರಡು ತುಂಡುಗಳ ನಡುವೆ ಚುಕ್ಕೆಗಳು ಕಿಕ್ಕಿರಿದಿರುತ್ತವೆ. ಅದರಾಚೆ ಬಿರುಕು ನೂರಾರು ಕಿಲೋಮೀಟರ್ ಮುಂದುವರಿದರೂ ಬಹುತೇಕ ಖಾಲಿ, ಯಾಕೆಂದರೆ ಅಲ್ಲಿ ಎರಡೂ ಬದಿಯ ನೆಲ ಒಂದೇ ಕಡೆಗೆ ಹೋಗುತ್ತಿದೆ. ಬಾಣವನ್ನು ಅಳಿಸಿ ತಿರುಗಿಸಿ ಹಾಕಿದ ಮೇಲೆಯೇ ಹಾಳೆ ವಾಪಸ್ ತೆಗೆದುಕೊಳ್ಳುತ್ತೇನೆ.